ಹಾಳೆಯ ಆಚೆ ಬದಿ

ಕೊಚ್ಚಿಗೆ ಬಂದ ನಾಲ್ಕನೆಯ ದಿನ ಬೆಳಿಗ್ಗೆ ಆರೂವರೆಗೆ ನಾನು ಒಂದು ಸಾವಿನ ಮನೆಗೆ ಹೋಗಿ ಕೂತೆ. ಯಾರು ಸತ್ತಿದ್ದರು ಅಂತ ಗೊತ್ತಿರಲಿಲ್ಲ. ಹಾಲು ತರಲು ಹೊರಟವನಿಗೆ ಓಣಿಯ ತಿರುವಿನಲ್ಲಿ ಒಂದು ಹೆಂಚಿನ ಕಟ್ಟಡ ಕಂಡಿತು. ಬಾಗಿಲಲ್ಲಿ ಇಪ್ಪತ್ತು ಜೊತೆ ಚಪ್ಪಲಿ. ಒಳಗೆ ಬಿಳಿ ಮುಂಡು ಉಟ್ಟ ಗಂಡಸರು ಉದ್ದನೆಯ ಬೆಂಚುಗಳ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಹೊಸ ಊರಲ್ಲಿ ಒಳ್ಳೆಯ ಹುಡುಗ ಅನ್ನಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು ಅಂದುಕೊಂಡು ಚಪ್ಪಲಿ ಬಿಟ್ಟೆ, ಮುಖ ಇಳಿಬಿಟ್ಟೆ, ಎಲ್ಲರಿಗಿಂತ ಹಿರಿಯರಾಗಿ ಕಂಡ ಒಬ್ಬರ ಪಕ್ಕ ಕೂತು ಅವರ ಕೈ ಹಿಡಿದು ಎರಡು ಸಲ ಮೆಲ್ಲಗೆ ಒತ್ತಿದೆ. ಅವರು ನನ್ನ ಮುಖ ನೋಡಿದರು. ನನ್ನ ಕೈ ನೋಡಿದರು. ಆಮೇಲೆ ತಮ್ಮ ಪೇಪರಿನ ನಡುವಿನ ಹಾಳೆ ಬಿಡಿಸಿ ನನ್ನ ತೊಡೆಯ ಮೇಲಿಟ್ಟರು.

ಅದು ಸಾವಿನ ಮನೆಯಾಗಿರಲಿಲ್ಲ, ವಾಯನಶಾಲ. ಅಂದರೆ ಓದುವ ಮನೆ, ಓಣಿಯವರೇ ಸೇರಿ ನಡೆಸುವ ಲೈಬ್ರರಿ. ನಾನು ಕೈ ಒತ್ತಿದ ಹಿರಿಯರ ಹೆಸರು ಪೈಲಿ. ಎಲ್ಲರೂ ಅವರನ್ನು ಪೈಲಿ ಚೇಟ್ಟನ್, ಅಂದರೆ ಪೈಲಿ ಅಣ್ಣ ಅನ್ನುತ್ತಿದ್ದರು. ಮೂವತ್ತು ವರ್ಷ ಜನರನ್ನು ದಾಟಿಸುವ ಬೋಟಿನಲ್ಲಿ ಸ್ರಾಂಕ್ ಆಗಿದ್ದವರು. ಬೋಟು ನಡೆಸುವವನಿಗೆ ಇಲ್ಲಿ ಆ ಹೆಸರು. ನಾನು ಸಂತಾಪ ಸೂಚಿಸಿದ ಕಥೆಯನ್ನು ಅವರು ಮುಂದೆ ಎಷ್ಟೋ ತಿಂಗಳು ಸಿಕ್ಕವರಿಗೆಲ್ಲ ಹೇಳಿದರು.

ಕೊಚ್ಚಿಯ ಪೂರ್ವಕ್ಕಿರುವ ಕಾಕ್ಕನಾಡಿನ ಬ್ಯಾಂಕಿನಲ್ಲಿ ಕೆಲಸ ಮಾಡುವವನು ಪಶ್ಚಿಮಕ್ಕಿರುವ ವಲ್ಲಾರ್ಪಾಡಂನಲ್ಲಿ ಯಾಕೆ ಮನೆ ಮಾಡಿದೆ ಅಂತ ಆಫೀಸಿನವರು ಈಗಲೂ ಕೇಳುತ್ತಾರೆ. ರಾಣೆಬೆನ್ನೂರಲ್ಲಿ ಕೂತು ಫೋನಿನ ನಕ್ಷೆಯ ಮೇಲೆ ಬೆರಳಿಟ್ಟು ಅಳೆದಾಗ ಎರಡೂ ಅರ್ಧ ಗೇಣಿನೊಳಗೆ ಇದ್ದವು. ನಡುವಿನ ನೀಲಿ ಬಣ್ಣವನ್ನು ಖಾಲಿ ಸೈಟು ಅಂದುಕೊಂಡೆ. ಬಂದ ಮೇಲೆ ಗೊತ್ತಾಯಿತು, ಅದು ನೀರು, ವಲ್ಲಾರ್ಪಾಡಂ ಒಂದು ದ್ವೀಪ. ಒಂದು ತುದಿಯಲ್ಲಿ ಹಡಗಿನಿಂದ ಕಂಟೇನರ್ ಇಳಿಸುವ ಬಂದರು, ಇನ್ನೊಂದು ತುದಿಯಲ್ಲಿ ನಾನು. ದಿನಾ ಸೇತುವೆ ದಾಟಿ, ಬಸ್ಸು ಬದಲಿಸಿ, ಬೆವರಿನ ಅಂಗಿಯಲ್ಲಿ ಆಫೀಸು ಸೇರುತ್ತಿದ್ದೆ. ಮೊದಲ ವಾರ ಹೋಟೆಲಿನಲ್ಲಿ ಕೆಂಪಕ್ಕಿಯ ಅನ್ನವನ್ನು ಬೆಂದಿಲ್ಲ ಅಂತ ಎರಡು ಸಲ ವಾಪಸು ಕಳಿಸಿದೆ. ಮೂರನೆಯ ಸಲ ಅಡುಗೆಯವರೇ ಹೊರಗೆ ಬಂದು, ಒಂದು ಅಗುಳನ್ನು ಬೆರಳಲ್ಲಿ ಹಿಸುಕಿ ತೋರಿಸಿ ಒಳಗೆ ಹೋದರು.

ನಗುವುದಕ್ಕೆ ಇಂಥವು ಬೇಕಾದಷ್ಟಿದ್ದವು. ಆದರೆ ಹೇಳಿ ನಗಲು ಜೊತೆಗೆ ಯಾರೂ ಇರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷ್, ಬಸ್ಸಿನಲ್ಲಿ ಮಲಯಾಳ, ಕನ್ನಡ ಅಂದರೆ ರಾತ್ರಿ ಊಟದ ಹೊತ್ತಿಗೆ ಅಕ್ಕನ ಫೋನು ಮಾತ್ರ. ಭಾನುವಾರ ಸಂಜೆಯಾಗುವಾಗ ಆ ದಿನ ಬಾಯಿ ತೆರೆದೇ ಇಲ್ಲ ಅಂತ ನೆನಪಾಗಿ, ಗಂಟಲು ಸರಿಯಿದೆಯೋ ಅಂತ ನೋಡಲು ಒಂದರಿಂದ ಇಪ್ಪತ್ತರವರೆಗೆ ಜೋರಾಗಿ ಎಣಿಸುತ್ತಿದ್ದೆ. ಹಾಗಾಗಿ ವಾಯನಶಾಲೆಗೆ ಹೋಗತೊಡಗಿದೆ. ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೂ ಯಾರೂ ನನ್ನನ್ನು ಏಳು ಅನ್ನಲಿಲ್ಲ.

ನಾನು ಕಲಿತ ಶಾಲೆಯಲ್ಲೂ ಲೈಬ್ರರಿ ಇತ್ತು. ಗಾಜಿನ ಬೀರು, ಅದಕ್ಕೊಂದು ಬೀಗ. ಏಳು ವರ್ಷ ನಾನು ಆ ಪುಸ್ತಕಗಳ ಬೆನ್ನು ಓದಿದ್ದೇನೆ, ಹೊಟ್ಟೆ ನೋಡಿಲ್ಲ. ಇಲ್ಲಿ ಪುಸ್ತಕಗಳು ಮನೆಗೇ ಹೋಗುತ್ತವೆ. ಲೈಬ್ರರಿ ನೋಡಿಕೊಳ್ಳುವ ಶೈಲಜ ಚೇಚಿ, ಅಂದರೆ ಶೈಲಜಕ್ಕ, ಐವತ್ತರ ಆಸುಪಾಸಿನವರು, ಮಧ್ಯಾಹ್ನ ಎರಡು ಬಟ್ಟೆ ಚೀಲಗಳಿಗೆ ಪುಸ್ತಕ ತುಂಬಿಕೊಂಡು ಹೊರಗೆ ಬರಲಾಗದವರ ಬಾಗಿಲಿಗೆ ಹೋಗುತ್ತಾರೆ. ಯಾರಿಗೆ ಯಾವ ಪುಸ್ತಕದಿಂದ ಕಣ್ಣೀರು ಬರುತ್ತದೆ, ಯಾರಿಗೆ ನಿದ್ದೆ ಬರುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.

ನಮ್ಮ ಮಾತು ಅರ್ಧ ಇಂಗ್ಲಿಷು, ಅರ್ಧ ನಾನು ಬಸ್ಸಿನಲ್ಲಿ ಕಲಿತ ಹರುಕು ಮಲಯಾಳ. ಸದಸ್ಯನಾಗುವಾಗ ಫಾರಂ ತುಂಬುತ್ತ ಅವರು ಕೇಳಿದರು, “ಸಾರ್ ಏನು ಮಾಡೋದು?”

ಬ್ಯಾಂಕು ಅನ್ನಬಹುದಿತ್ತು. ಸುತ್ತ ಅಷ್ಟೊಂದು ಪುಸ್ತಕ ಇದ್ದದ್ದೇ ತಪ್ಪು. “ಬರಹಗಾರ,” ಅಂದೆ. ಅಲ್ಲಿಯವರೆಗೆ ಅಚ್ಚಾಗಿದ್ದ ನನ್ನ ಸಮಗ್ರ ಸಾಹಿತ್ಯ ಅಂದರೆ ಬಸ್ ಸ್ಟ್ಯಾಂಡಿನ ಚರಂಡಿಯ ಬಗ್ಗೆ ಪೇಪರಿಗೆ ಬರೆದ ಒಂದು ಪತ್ರ. ಅದನ್ನು ಕತ್ತರಿಸಿ ಫೈಲಿನಲ್ಲಿ ಅಂಟಿಸಿ ಕೊಚ್ಚಿಯವರೆಗೆ ತಂದಿದ್ದೆ. ಶೈಲಜ ಚೇಚಿ ನಗಲಿಲ್ಲ. ‘ಎಳುತ್ತುಕಾರನ್’ ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಫಾರಂ ಮೇಲೆ ಬರೆದರು. ಬರೆಯುವವನು.

ಅವರು ಸುಮ್ಮನೆ ಬರೆದಿರಲಿಲ್ಲ. ಆ ಲೈಬ್ರರಿಯವರು ಪ್ರತಿ ವರ್ಷ ಓಣಂ ಹೊತ್ತಿಗೆ ಕೈಬರಹದ ಮಾಸಿಕ ಒಂದನ್ನು ತರುತ್ತಾರೆ. ವರ್ಷಕ್ಕೊಮ್ಮೆ ಬರುವುದನ್ನು ಮಾಸಿಕ ಅಂತ ಯಾಕೆ ಅನ್ನುತ್ತೀರಿ ಅಂತ ಕೇಳಿದೆ, ಮೊದಲಿನಿಂದ ಹಾಗೇ ಅಂದರು. ದಪ್ಪ ಹಾಳೆಗಳ ಮೇಲೆ ಒಬ್ಬೊಬ್ಬರೂ ತಮ್ಮದನ್ನು ತಮ್ಮ ಕೈಯಲ್ಲೇ ಬರೆಯಬೇಕು. ಎಲ್ಲ ಸೇರಿಸಿ ದಾರದಲ್ಲಿ ಹೊಲಿಯುತ್ತಾರೆ. ಆಗುವುದು ಒಂದೇ ಪ್ರತಿ. ಅದು ಸರದಿಯಂತೆ ಮನೆಯಿಂದ ಮನೆಗೆ ಹೋಗುತ್ತದೆ. ತನ್ನ ಸರದಿ ಬರುವ ಮೊದಲು ಯಾರೂ ಓದುವಂತಿಲ್ಲ, ಹೊಲಿಯುವ ಚೇಚಿ ಕೂಡ. “ಮೊದಲೇ ಓದಿದರೆ ತಿದ್ದೋಣ ಅನ್ನಿಸುತ್ತೆ,” ಅನ್ನುತ್ತಿದ್ದರು.

“ಈ ಸಲ ಒಂದು ಪುಟ ಕನ್ನಡ,” ಅಂತ ಅವರೇ ಸಾರಿದರು. “ಇಲ್ಲಿ ಓದೋರು ಯಾರಿದ್ದಾರೆ ಚೇಚಿ?” ಅಂದರೆ, “ಅದು ನಮ್ಮ ಕಷ್ಟ, ನಿಮ್ಮದಲ್ಲ,” ಅಂದರು.

ಬರೆದದ್ದನ್ನು ಮೊದಲು ಬೆಂಚಿನ ಮೇಲಿದ್ದವರಿಗೆ ಓದಿ ಹೇಳುವುದು ಹೊಸಬರಿಗಿದ್ದ ಪದ್ಧತಿ. ನನ್ನದು ‘ಓ ಸಾಗರವೇ’ ಅಂತ ಶುರುವಾಗುತ್ತಿತ್ತು. ರಾಣೆಬೆನ್ನೂರಿನವನಿಗೂ ಸಾಗರಕ್ಕೂ ಏನು ಸಂಬಂಧ ಅಂತ ನೀವು ಕೇಳುತ್ತೀರಿ, ಅವರು ಕೇಳಲಾರರು ಅನ್ನುವ ಧೈರ್ಯ. ದನಿ ಏರಿಸಿ, ಇಳಿಸಿ, ಕೊನೆಯಲ್ಲಿ ಕಣ್ಣು ಮುಚ್ಚಿ ಓದಿದೆ. ಪೈಲಿ ಚೇಟ್ಟನ್ ಕನ್ನಡಕ ಒರೆಸಿಕೊಂಡರು.

“ಇದರಲ್ಲಿ ನೀನು ಎಲ್ಲಿದ್ದೀ ಮೋನೆ?” ಮೋನೆ ಅಂದರೆ ಮಗನೇ.

“ಕನ್ನಡ ಗೊತ್ತಿಲ್ಲದೆ ಹೇಗೆ ಹೇಳ್ತೀರಿ ಚೇಟ್ಟಾ?”

“ಮೂವತ್ತು ವರ್ಷ ಬೋಟಿನಲ್ಲಿ ಜನ ಮಾತಾಡೋದು ಕೇಳಿದೀನಿ. ಇಂಜಿನ್ ಸದ್ದಿಗೆ ಮಾತು ತಿಳೀತಿರಲಿಲ್ಲ, ದನಿ ಮಾತ್ರ ತಿಳೀತಿತ್ತು. ಇದು ಟಿಕೆಟ್ ತಗೊಳ್ಳದೆ ಕೂತವನ ದನಿ.”

ಬೆಂಚು ಪೂರ್ತಿ ನಕ್ಕಿತು. ನಾನೂ ನಕ್ಕೆ, ಮನೆಗೆ ಹೋಗಿ ಅನ್ನ ಮಾಡದೆ ಮಲಗಿದೆ.

ಮರುದಿನ ಸಂಜೆ ಶೈಲಜ ಚೇಚಿ ಕಿಟಕಿಯ ಪಕ್ಕದ ಮೇಜು ತೋರಿಸಿ, “ಇಲ್ಲೇ ಕೂತು ಬರಿ ಮೋನೆ,” ಅಂದರು. ನಾನು ಸಾರ್ ಆಗಿದ್ದದ್ದು ಅಂದಿಗೆ ಮುಗಿಯಿತು. ಎರಡು ತಿಂಗಳು ಆಫೀಸು ಮುಗಿಸಿ ಅಲ್ಲಿ ಕೂತೆ. ನನ್ನ ಸುತ್ತ ನನಗೆ ಓದಲಾಗದ ಸಾವಿರಾರು ಪುಸ್ತಕಗಳು. ಯಾವ ಸಾಲನ್ನೂ ಕದಿಯಲು ದಾರಿಯಿಲ್ಲ. ಯಾರ ಹಾಗೆಯೂ ಬರೆಯಲು ಆಗದು. ಆದರೆ ಇಷ್ಟು ಜನ ಕೂತು ಬರೆದು ಮುಗಿಸಿದ್ದಾರೆ ಅನ್ನುವುದು ಮಾತ್ರ ಕಣ್ಣೆದುರು ಇತ್ತು. ಮುಂದಿನ ಮೇಜಿನಲ್ಲಿ ಪೈಲಿ ಚೇಟ್ಟನ್ ಬಾಲ್‌ಪೆನ್ನಿನಲ್ಲಿ ತಮ್ಮದನ್ನು ಬರೆಯುತ್ತಿದ್ದರು, ಒಂದು ಸಾಲಿಗೆ ಒಂದು ಬೀಡಿ. ಸೇದಲು ಹೊರಗೆ ಹೋದಾಗಲೆಲ್ಲ ಪುಟವನ್ನು ಬೋರಲು ಹಾಕಿ ಹೋಗುತ್ತಿದ್ದರು.

ಕೊನೆಗೆ ನಾನು ಬರೆದದ್ದು ಭಾವನ ಅಂಗಡಿಯ ಬಗ್ಗೆ. ನನ್ನ ಅಕ್ಕ ಶಾಂತಕ್ಕನ ಗಂಡನಿಗೆ ರಾಣೆಬೆನ್ನೂರಲ್ಲಿ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ ಇದೆ. ದೇವರ ಫೋಟೋ ತರುವವರು ಮುಖ ಮೇಲೆ ಮಾಡಿ ಕೊಡುತ್ತಾರೆ. ತೀರಿಹೋದವರದನ್ನು ತರುವವರು ಕೌಂಟರಿನ ಮೇಲೆ ಬೋರಲು ಇಡುತ್ತಾರೆ. ಭಾವ ಅದನ್ನು ತಿರುಗಿಸುವ ಮೊದಲು ಒಂದು ಗಳಿಗೆ ಸುಮ್ಮನಿರುತ್ತಾನೆ. ಚಿಕ್ಕಂದಿನಿಂದ ನೋಡಿದ್ದನ್ನು ಮೊದಲ ಸಲ ಬರೆದೆ. ಓದಿದಾಗ ಪೈಲಿ ಚೇಟ್ಟನ್ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದರು.

ಹೊಲಿಯುವ ಹಿಂದಿನ ದಿನ ಚೇಚಿ ನನಗೊಂದು ಹಾಳೆ ಕೊಟ್ಟರು. ಒಂದು ಬದಿಯಲ್ಲಿ ಆಗಲೇ ಮಲಯಾಳದ ಬರಹ ತುಂಬಿತ್ತು, ಇನ್ನೊಂದು ಬದಿ ನನಗೆ. ಬರಹಗಾರ ಅಂದ ಮೇಲೆ ಮಸಿ ಪೆನ್ನೇ ಆಗಬೇಕಲ್ಲ, ನೀಲಿ ಶಾಯಿಯಲ್ಲಿ ದುಂಡಗೆ ಬರೆದುಕೊಟ್ಟೆ. ಆಚೆ ಬದಿಯಲ್ಲಿದ್ದದ್ದು ಏನು ಅಂತ ಕೇಳಲಿಲ್ಲ. ಕೇಳುವುದೇನು? ಲೇಖಕನ ಬೆನ್ನಿಗೆ ಇರುವುದು ಲೇಖಕನ ಪರಿಚಯ. ನನ್ನ ಬಗ್ಗೆ ಇಡೀ ಪುಟ ಬರೆದಿದ್ದಾರಲ್ಲ ಅಂತ ಸಂಕೋಚವೂ ಆಯಿತು.

ಅದೇ ವಾರ ಪೈಲಿ ಚೇಟ್ಟನ್‌ಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದಿತು, ಮಾತು ನಿಂತಿತು. ಓಣಂಗೆ ಮಾಸಿಕ ಬಿಡುಗಡೆಯಾದಾಗ ಅವರು ಆಸ್ಪತ್ರೆಯಲ್ಲಿದ್ದರು. ಹೊರಗಿನಿಂದ ಬಂದವನು ಅಂತ ಮೊದಲ ಸರದಿಯನ್ನು ನನಗೇ ಕೊಟ್ಟರು. ಒಂದು ವಾರದ ಟ್ರೈನಿಂಗಿಗೆ ತಿರುವನಂತಪುರಕ್ಕೆ ಹೋಗಬೇಕಿತ್ತು. ಮಾಸಿಕವನ್ನು ಟವೆಲಿನಲ್ಲಿ ಸುತ್ತಿ ರೈಲು ಹತ್ತಿದೆ.

ಅಲ್ಲಿ ಸಂಜೆ ಹೊತ್ತು ಪಾಳಯಂ ಕಡೆಯ ಹಳೆಯ ದೊಡ್ಡ ಲೈಬ್ರರಿಯಲ್ಲಿ ಕೂರುತ್ತಿದ್ದೆ. ಎತ್ತರದ ಚಾವಣಿ, ಮರದ ಮೇಜು, ಯಾರೂ ಯಾರನ್ನೂ ನೋಡದ ಓದು. ನಮ್ಮ ದ್ವೀಪದ ವಾಯನಶಾಲೆಗೆ ಇದು ಅಜ್ಜನಂತೆ ಕಂಡಿತು. ಅಂಥ ಜಾಗದಲ್ಲಿ, ಆ ಮೇಜಿನ ಮೇಲೆ, ನಾನು ಬ್ಲೇಡು ತೆಗೆದು ಮಾಸಿಕದಿಂದ ನನ್ನ ಹಾಳೆಯನ್ನು ಕೊಯ್ದೆ. ನಮ್ಮಲ್ಲಿ ಬರೆದದ್ದು ಬಂದರೆ ಕತ್ತರಿಸಿ ಇಟ್ಟುಕೊಳ್ಳುತ್ತೇವಲ್ಲ, ಅದೇ ರೂಢಿ. ನನ್ನ ಲೆಕ್ಕ ಹೀಗಿತ್ತು: ಕೊಚ್ಚಿಯಲ್ಲಿ ಇದನ್ನು ಓದುವವರಿಲ್ಲ, ಓದುವವರ ಹತ್ತಿರ ಹೋಗಲಿ. ಎದುರಿಗಿದ್ದ ಕನ್ನಡಕದ ಹೆಂಗಸು ನನ್ನನ್ನೇ ದಿಟ್ಟಿಸಿ ನೋಡಿದರು. ಮೆಚ್ಚುಗೆ ಅಂದುಕೊಂಡು ಸಣ್ಣಗೆ ನಕ್ಕೆ. ಮರುದಿನ ಬೆಳಿಗ್ಗೆ ಹಾಳೆಯನ್ನು ಅಕ್ಕನಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಹಿಂದೆ ನನ್ನ ಪರಿಚಯ ಇದೆ, ಜೋಪಾನ ಅಂತ ಫೋನಿನಲ್ಲಿ ಬೇರೆ ಹೇಳಿದೆ.

ವಾಪಸು ಬಂದು ಮಾಸಿಕ ಒಪ್ಪಿಸಿದ ಸಂಜೆಯೇ ಶೈಲಜ ಚೇಚಿ, “ಪೈಲಿ ಚೇಟ್ಟನ್ ಮನೆಗೆ ಬಂದಿದ್ದಾರೆ, ಓದಿ ಹೇಳೋಣ ಬಾ,” ಅಂತ ಕರೆದುಕೊಂಡು ಹೋದರು. ಅವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹೆಂಡತಿ ರೋಸ ಚೇಚಿ ಕಾಲಬಳಿ ಕೂತಿದ್ದರು. ಪೈಲಿ ಚೇಟ್ಟನ್ ಏನು ಬರೆದಿದ್ದಾರೆ ಅಂತ ಮನೆಯವರಿಗೂ ಗೊತ್ತಿರಲಿಲ್ಲ.

ಶೈಲಜ ಚೇಚಿ ಓದುತ್ತ ನನಗೆ ಅಲ್ಲಲ್ಲಿ ಅರ್ಥ ಹೇಳುತ್ತಿದ್ದರು. ಸೇತುವೆ ಬಂದ ಮೇಲೆ ಅವರ ಬೋಟು ನಿಂತುಹೋದ ಕಥೆ. ಒಬ್ಬ ಮೀನು ಮಾರುವ ಹೆಂಗಸು ವರ್ಷಗಟ್ಟಲೆ ದಿನಾ ತಡವಾಗಿ ಬುಟ್ಟಿ ಹೊತ್ತು ಓಡಿ ಬರುತ್ತಿದ್ದಳು, ಇವರು ದಿನಾ ಎರಡು ನಿಮಿಷ ಅವಳಿಗಾಗಿ ನಿಲ್ಲಿಸುತ್ತಿದ್ದರು. ಬೋಟಿನ ಕೊನೆಯ ದಿನ ಒಬ್ಬರೂ ಹತ್ತಲಿಲ್ಲ. ಆದರೂ ಎರಡು ನಿಮಿಷ ಕಾದರು. ಜೆಟ್ಟಿಯ ತುದಿಯಲ್ಲಿ ಅವಳು ಕಾಣಿಸಿಕೊಂಡಳು, ಮತ್ತು...

ಚೇಚಿ ಪುಟ ತಿರುಗಿಸಿದರು. ಮುಂದಿದ್ದದ್ದು ಹಲಸಿನ ಹಣ್ಣಿನ ಮೇಲೆ ಒಬ್ಬರ ಪದ್ಯ. ಹಿಂದಕ್ಕೆ ತಿರುಗಿಸಿದರು. ಹೊಲಿಗೆಯ ಪಕ್ಕದಲ್ಲಿ ಬೆರಳಗಲ ಹಾಳೆ ಉಳಿದಿತ್ತು, ಅಂಚು ನೇರವಾಗಿ ಕೊಯ್ದಿತ್ತು. ಪೈಲಿ ಚೇಟ್ಟನ್ ಎಡಗೈ ಎತ್ತಿ ತಿರುಗಿಸು, ತಿರುಗಿಸು ಅಂತ ಸನ್ನೆ ಮಾಡಿದರು.

“ಆ ಹಾಳೆ ನಾನು ತೆಗೆದೆ ಚೇಚಿ.”

“ಯಾಕೆ?”

“ಅದರ ಮೇಲೆ ನಂದಿತ್ತು.”

“ಇನ್ನೊಂದು ಬದಿ?”

“ನನ್ನ ಪರಿಚಯ ಅಂದುಕೊಂಡೆ.”

ಒಂದು ಪುಟ ಬರೆಯುವಷ್ಟು ಪರಿಚಯ ನನಗೆಲ್ಲಿತ್ತು ಅಂತ ಅವರು ಕೇಳಬಹುದಿತ್ತು. ಕೇಳಲಿಲ್ಲ. ಮಾಸಿಕ ಮುಚ್ಚಿ ಚೀಲಕ್ಕೆ ಹಾಕಿಕೊಂಡು, “ಸಾರ್ ಮನೆಗೆ ಹೋಗಿ,” ಅಂದರು. ಪೈಲಿ ಚೇಟ್ಟನ್ ಗೋಡೆಯ ಕಡೆ ಮುಖ ತಿರುಗಿಸಿದರು. ಹೇಳಲು ಬಾಯಿಲ್ಲ, ಮತ್ತೆ ಬರೆಯಲು ಕೈಯಿಲ್ಲ. ಆ ಕಥೆಯ ಕೊನೆ ಇದ್ದದ್ದು ಆ ಹಾಳೆಯ ಮೇಲೆ ಮಾತ್ರ.

ಬೀದಿಯಲ್ಲೇ ನಿಂತು ಅಕ್ಕನಿಗೆ ಫೋನು ಮಾಡಿದೆ.

“ನಿನ್ನ ಹಾಳಿ ಅಂಗಡ್ಯಾಗ ಐತಿ,” ಅಂದಳು. “ಬಂದ ದಿನಾನ ನಿಮ್ಮ ಭಾವ ಕಟ್ಟು ಹಾಕ್ಯಾರ. ಲಕ್ಷ್ಮಿ ಫೋಟೋದ ಬಾಜೂಕ ನೇತು ಹಾಕ್ಯಾರ. ಬಂದವ್ರೆಲ್ಲಾ ನಿಂತು ಓದ್ತಾರ ನೋಡು. ಒಬ್ಬಾಕಿ ಅತ್ತಳು.”

“ಹಿಂದಿನ ಬದಿ, ಅಕ್ಕಾ?”

“ಹಿಂದಿಂದೇನು, ರಟ್ಟಿಗೆ ಅಂಟಿಸ್ಯಾರ. ಸುಕ್ಕಾಗಬಾರದಂತ ಮೈದಾ ಅಂಟು ಬಳದು.”

ಭಾವ ಫೋನು ಇಸಿದುಕೊಂಡ. “ಅದು ಬಿಡಂಗಿಲ್ಲೋ ತಮ್ಮಾ. ಬಿಡಬಾರದಂತನ ಅಂಟ್ಸೀನಿ. ಕೀಳಾಕ ಹೋದ್ರ ನಿನ್ನ ಅಕ್ಷರ ಕೆಡತಾವ.”

“ಆ ಕಡೆ ಒಬ್ಬರ ಕಡೀ ಪುಟ ಐತಿ ಭಾವ. ಅವರಿಗೆ ಈಗ ಕೈ ನಡ್ಯಾಂಗಿಲ್ಲ.”

ಭಾವ ಒಂದು ಗಳಿಗೆ ಸುಮ್ಮನಿದ್ದ. ಆಮೇಲೆ, “ಹೆಂಗೈತೋ ಹಂಗ ಪ್ಯಾಕ್ ಮಾಡಿ ಕಳಸ್ತೀನಿ. ಗ್ಲಾಸ್ ಅಷ್ಟ ತಗೀತೀನಿ,” ಅಂದ.

ಎರಡು ದೇವರ ಫೋಟೋಗಳ ನಡುವೆ ಇಟ್ಟು ಅವನು ಕಳಿಸಿದ್ದ ಪಾರ್ಸೆಲನ್ನು ತಗೊಂಡು ಶೈಲಜ ಚೇಚಿಯ ಮುಂದಿಟ್ಟೆ. ಅವರಿಗೆ ತಿರುವನಂತಪುರದ ಕೋಟೆಯ ಹತ್ತಿರ ಒಬ್ಬರ ಪರಿಚಯವಿತ್ತು. ಹಳೆಯ ಓಲೆಗರಿ, ಕಾಗದಗಳನ್ನು ಸರಿಮಾಡುವ ಕೆಲಸದಲ್ಲಿದ್ದು ನಿವೃತ್ತರಾದ ಮಾಧವನ್ ಸಾರ್. ಶನಿವಾರ ಬೆಳಗಿನ ರೈಲಿನಲ್ಲಿ ಇಬ್ಬರೂ ಹೊರಟೆವು. ನಾಲ್ಕು ಗಂಟೆ ದಾರಿಯಲ್ಲಿ ಅವರು ನನ್ನ ಜೊತೆ ಆಡಿದ್ದು ಒಂದೇ ಮಾತು: “ಚಾ ಬೇಕಾ ಸಾರ್?”

ಮಾಧವನ್ ಸಾರ್ ರಟ್ಟನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿದರು.

“ಮೈದಾ. ಪುಣ್ಯ. ಬೇರೆ ಗೋಂದಾಗಿದ್ದರೆ ಹೀಗೇ ವಾಪಸು ಕಳಿಸ್ತಿದ್ದೆ. ಒಳಗಿನದು ಯಾವ ಪೆನ್ನು?”

“ಬಾಲ್‌ಪೆನ್ನು,” ಅಂದರು ಚೇಚಿ.

“ಅದು ನಿಲ್ಲುತ್ತೆ. ಮೇಲಿರೋದು ಮಸಿ, ನೀರು ತಾಗಿದರೆ ಹೋಗುತ್ತೆ. ಇದು ಯಾರದ್ದು?”

“ನಂದು.”

“ಫೋಟೋ ತಗೊಂಡಿದ್ದೀಯಾ?”

“ಹೂಂ.”

“ಆದರೂ ಇನ್ನೊಂದು ಸಲ ನೋಡಿಕೋ.”

ಅಂಟು ನೆನೆಯಲೆಂದು, ನೀರು ಹೀರುವ ಒತ್ತುಕಾಗದವನ್ನು ಒದ್ದೆ ಮಾಡಿ ಹಿಂಡಿ ನನ್ನ ಪುಟದ ಮೇಲೆ ಹಾಸಿದರು. ಸ್ವಲ್ಪ ಹೊತ್ತಿಗೆ ಅದರಲ್ಲಿ ನೀಲಿ ಮೂಡಿತು. ಅದನ್ನು ತೆಗೆದು ಇನ್ನೊಂದು, ಮತ್ತೊಂದು. ಮೊದಲು ಒತ್ತಕ್ಷರಗಳು ಹೋದವು, ಆಮೇಲೆ ಗುಣಿತ, ಆಮೇಲೆ ಭಾವನ ಅಂಗಡಿ. ಮೂರು ಗಂಟೆ ನಾವು ಕದಲಲಿಲ್ಲ. ಕೊನೆಗೆ ಅವರು ಬಿದಿರಿನ ತೆಳ್ಳನೆಯ ಸೀಳೊಂದನ್ನು ಮೂಲೆಯಲ್ಲಿ ತೂರಿಸಿ, ಉಸಿರು ಬಿಡದೆ ಎತ್ತಿದರು. ಹಾಳೆ ಬಿಟ್ಟಿತು. ಒಂದು ಮೂಲೆ ಹರಿದು ರಟ್ಟಿಗೇ ಉಳಿಯಿತು, ಅಲ್ಲಿ ಬರಹವಿರಲಿಲ್ಲ. ತಿರುಗಿಸಿದಾಗ ಪೈಲಿ ಚೇಟ್ಟನ್‌ನ ಸಾಲುಗಳು ಸ್ವಲ್ಪ ಮಂಕಾಗಿ, ಆದರೆ ಪೂರ್ತಿ ಇದ್ದವು. ಚೇಚಿ ಓದಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಅವರೇ ಮೊದಲು ಕೇಳಲಿ,” ಅಂದರು.

ಮರುದಿನ ಚೇಚಿ ಮಂಚದ ಪಕ್ಕ ಕೂತು ಓದಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಆ ಹೆಂಗಸು ಬಂದಳು, ಬುಟ್ಟಿ ಇರಲಿಲ್ಲ, ಒಳ್ಳೆಯ ಸೀರೆ ಉಟ್ಟಿದ್ದಳು. ಹತ್ತಲಿಲ್ಲ. ‘ಇನ್ನು ಬಸ್ಸಿಗೆ ಹೋಗ್ತೀನಿ ಚೇಟ್ಟಾ, ನನಗಾಗಿ ಕಾಯಬೇಡಿ, ಅದನ್ನು ಹೇಳೋಕೆ ಬಂದೆ’ ಅಂದಳು. ಇವರು ಖಾಲಿ ಬೋಟನ್ನು ಆಚೆ ದಡಕ್ಕೆ ಒಯ್ದರು. ಬೋಟು ಹಗುರವಾಗಿದ್ದರಿಂದ ಕಾದ ಎರಡು ನಿಮಿಷವನ್ನು ದಾರಿಯಲ್ಲೇ ತುಂಬಿಕೊಳ್ಳಬಹುದಿತ್ತು. ‘ಇಷ್ಟು ವರ್ಷಗಳಲ್ಲಿ ನನ್ನ ಬೋಟು ಸಮಯಕ್ಕೆ ಸರಿ ಮುಟ್ಟಬಹುದಾಗಿದ್ದ ಒಂದೇ ದಿನ ಅದು, ಆ ದಿನ ನಾನು ಬೇಕೆಂದೇ ನಿಧಾನ ನಡೆಸಿದೆ’ ಅಂತ ಅವರ ಬರಹ ಮುಗಿದಿತ್ತು.

ರೋಸ ಚೇಚಿ ಗಂಡನ ಕಾಲು ಒತ್ತುವುದನ್ನು ನಿಲ್ಲಿಸಿ, “ಯಾರಪ್ಪ ಆ ಹೆಂಗಸು?” ಅಂದರು. ಪೈಲಿ ಚೇಟ್ಟನ್‌ನ ಬಾಯಿಯ ಒಂದು ಬದಿ ನಕ್ಕಿತು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಎರಡೂ ಕಣ್ಣಲ್ಲಿ.

ಹಾಳೆಯನ್ನು ಮತ್ತೆ ಹೊಲಿಯುವ ಮೊದಲು ಶೈಲಜ ಚೇಚಿ ನನ್ನ ಮುಂದೆ ಇಟ್ಟರು. ನನ್ನ ಬದಿಯಲ್ಲಿ ನೀಲಿ ಮೋಡದಂಥ ಕಲೆಯಷ್ಟೇ ಉಳಿದಿತ್ತು. “ಬರಿ ಮೋನೆ. ಈ ಸಲ ಬಾಲ್‌ಪೆನ್ನು.” ಫೋನಿನಲ್ಲಿ ನನ್ನ ಬರಹದ ಫೋಟೋ ಇತ್ತು, ನೋಡಿ ಬರೆಯಬಹುದಿತ್ತು. ಅದರ ಬದಲು ಪೈಲಿ ಚೇಟ್ಟನ್‌ನ ಕೊನೆಯ ಪುಟದ ಅರ್ಥವನ್ನು ಸಾಲುಸಾಲಾಗಿ ಚೇಚಿಯಿಂದ ಕೇಳಿ, ಅದನ್ನೇ ಕನ್ನಡದಲ್ಲಿ ಬರೆದೆ. ಸರಿಯಾಗಿದೆಯೋ ಅಂತ ನೋಡುವವರಿಲ್ಲ. ಮಲಯಾಳದ ಬದಿ ಓದಬಲ್ಲವರು ಇಲ್ಲಿದ್ದಾರೆ, ಕನ್ನಡದ ಬದಿ ಓದಬಲ್ಲವರು ನೀವು ಅಲ್ಲಿದ್ದೀರಿ. ನಡುವೆ ಇರುವ ಒಬ್ಬನೇ ಸಾಕ್ಷಿ ನಾನು, ನನ್ನನ್ನು ಎಷ್ಟು ನಂಬಬಹುದು ಅಂತ ಇಷ್ಟು ಹೊತ್ತಿಗೆ ನಿಮಗೆ ತಿಳಿದಿದೆ.

ಹಾಗಾಗಿ ಮಲಯಾಳದ ಅಕ್ಷರ ಕಲಿಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ರೋಸ ಚೇಚಿ ಗಂಡನನ್ನು ಆಟೋದಲ್ಲಿ ಕರೆತಂದು ಕಿಟಕಿಯ ಪಕ್ಕ ಕೂರಿಸುತ್ತಾರೆ. ಅವರು ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾರೆ. ಒಂದನೇ ಕ್ಲಾಸಿನ ಒಂದೇ ಕಾಪಿ ಪುಸ್ತಕ, ಇಬ್ಬರಿಗೂ ಒಂದೇ ಪೆನ್ಸಿಲ್. ಅವರು ನನಗಿಂತ ಮೂರು ಅಕ್ಷರ ಮುಂದಿದ್ದಾರೆ.

ಕಳೆದ ವಾರ ಅಲ್ಲೇ ಕೂತಿದ್ದಾಗ ಅಕ್ಕ ಫೋನು ಮಾಡಿದಳು. ಊರ ಕಡೆಗೆ ವರ್ಗ ಕೇಳುವ ಅರ್ಜಿ ಬಂದಿದೆಯಂತಲ್ಲ, ತುಂಬಿದೆಯಾ ಅಂತ. ತುಂಬುತ್ತೇನೆ ಅಂದೆ. ಫೋನಿನಲ್ಲೇ ಅರ್ಜಿ ತೆರೆದು ಹೆಸರು ಹಾಕಿದೆ, ಸ್ವಂತ ಊರು ಹಾಕಿದೆ. ಹೋಗಬಯಸುವ ಊರು ಅನ್ನುವ ಖಾನೆಗೆ ಬಂದಾಗ ಕಿಟಕಿಯಾಚೆ ಬಸ್ಸೊಂದು ಸೇತುವೆಯ ಕಡೆಗೆ ಹೋಯಿತು. ಊರಿಗೆ ಹೋದರೆ ನಾನು ಬರೆದದ್ದನ್ನು ನಿಂತು ಓದುವವರಿದ್ದಾರೆ. ಕೂತು ಬರೆಯುವ ಮೇಜು ಇಲ್ಲಿದೆ.

ಪೈಲಿ ಚೇಟ್ಟನ್ ತಮ್ಮ ಸಾಲು ಮುಗಿಸಿ, ಎಡಗೈಯಿಂದ ಪೆನ್ಸಿಲನ್ನು ಮೆಲ್ಲಗೆ ನನ್ನ ಕಡೆ ಉರುಳಿಸಿದರು.